ಹೈ-ರೆಸ್ ಆಡಿಯೋ ಸಿಡಿಗಿಂತ ನಿಜವಾಗಿಯೂ ಚೆನ್ನಾಗಿ ಕೇಳಿಸುತ್ತದೆಯೇ?

ನಾಪೋಕ್ಲು, ಜುಲೈ 6

ಎಲ್ಲರಿಗೂ ನಮಸ್ಕಾರ. ಈ ವರ್ಷ ಕಾಫಿ ಮಾರಿದ ಹಣದಲ್ಲಿ ಸ್ವಲ್ಪ ತೆಗೆದಿರಿಸಿ, ಬಹಳ ದಿನಗಳಿಂದ ಆಸೆಪಟ್ಟಿದ್ದ ಒಂದು ಡ್ಯಾಕ್ (ಡಿಜಿಟಲ್ ಫೈಲನ್ನು ಕೇಳುವ ಧ್ವನಿಯಾಗಿ ಬದಲಿಸುವ ಪೆಟ್ಟಿಗೆ) ಕೊಂಡೆ. 24 ಬಿಟ್, 192 ಕಿಲೋಹರ್ಟ್ಸ್‌ವರೆಗಿನ ಫೈಲುಗಳನ್ನು ಅದು ನುಡಿಸುತ್ತದೆ. ಮೈಸೂರಿನಲ್ಲಿ ಓದುತ್ತಿದ್ದ ಕಾಲದಿಂದ ಒಂದೊಂದಾಗಿ ಕೂಡಿಸಿಟ್ಟ ಸುಮಾರು ಮುನ್ನೂರು ಸಿಡಿಗಳು ನನ್ನಲ್ಲಿವೆ. ಹೆಚ್ಚಿನವು ಕರ್ನಾಟಕ ಸಂಗೀತದವು. ಅವುಗಳಲ್ಲಿ ನನಗೆ ತುಂಬ ಪ್ರಿಯವಾದ ಒಂದು ವೀಣಾ ವಾದನ ಈಗ ಹೈ-ರೆಸ್ ರೂಪದಲ್ಲಿಯೂ, ಅಂದರೆ ಸಿಡಿಗಿಂತ ಹೆಚ್ಚು ಬಿಟ್ ಮತ್ತು ಹೆಚ್ಚು ಕಿಲೋಹರ್ಟ್ಸ್‌ನ ಫೈಲಾಗಿಯೂ, ಸಿಗುತ್ತದೆಂದು ತಿಳಿದು, ಅದನ್ನು ಕೊಂಡು ಸಿಡಿಯ ಪಕ್ಕದಲ್ಲಿಟ್ಟು ಕೇಳಿದೆ. ಮೊದಲ ಮೀಟಿನಲ್ಲೇ ವ್ಯತ್ಯಾಸ ತಿಳಿಯಿತು. ತಂತಿ ಒಂದು ಮೊಳ ಹತ್ತಿರ ಬಂದಂತಾಯಿತು. ನನ್ನ ಹೆಂಡತಿಯನ್ನು ಕೂರಿಸಿ ಕೇಳಿಸಿದೆ, ಅವಳೂ ಹಾಗೆಯೇ ಹೇಳಿದಳು.

ಈಗ ನನ್ನ ಪ್ರಶ್ನೆ ಹಣದ್ದೂ ಹೌದು, ತಿಳಿವಳಿಕೆಯದ್ದೂ ಹೌದು. ಇರುವ ಸಿಡಿಗಳನ್ನು ಬದಿಗಿಟ್ಟು ಅದೇ ಸಂಗೀತವನ್ನು ಹೈ-ರೆಸ್‌ನಲ್ಲಿ ಮತ್ತೆ ಕೊಳ್ಳುವುದು ಸರಿಯೇ? ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಗೇಟಿನ ಬಳಿ ಮಾತ್ರ. 192 ಕಿಲೋಹರ್ಟ್ಸ್‌ನ ಒಂದು ಗಂಟೆಯ ಸಂಗೀತ, ಕುಗ್ಗಿಸಿದ ಮೇಲೂ ಎರಡು ಜಿಬಿ ದಾಟುತ್ತದೆ. ಅದನ್ನು ಇಳಿಸಿಕೊಳ್ಳಲು ಮಳೆಯಲ್ಲಿ ಕೊಡೆ ಹಿಡಿದು ನಿಲ್ಲಬೇಕು. ಅಷ್ಟು ಕಷ್ಟಕ್ಕೆ ತಕ್ಕ ಫಲವಿದೆಯೇ ಎಂದು ಬಲ್ಲವರು ತಿಳಿಸಬೇಕು.

ಮಡಿಕೇರಿ, ಜುಲೈ 6

ನಾಪೋಕ್ಲಿನವರೇ, ನಾನು ಬಾನುಲಿಯಲ್ಲಿ ಧ್ವನಿ ವಿಭಾಗದ ಕೆಲಸ ಮಾಡಿ ನಿವೃತ್ತನಾದವನು. ನೀವು ವ್ಯತ್ಯಾಸ ಕೇಳಿದ್ದು ನಿಜವೆಂದೇ ಇಟ್ಟುಕೊಳ್ಳುತ್ತೇನೆ. ಆದರೆ ಆ ವ್ಯತ್ಯಾಸ ಎಲ್ಲಿಂದ ಬಂತು ಎಂಬುದೇ ಪ್ರಶ್ನೆ. ಅದನ್ನು ಬಿಡಿಸಬೇಕಾದರೆ ಈ ಅಂಕಿಗಳು ಏನನ್ನು ಅಳೆಯುತ್ತವೆ ಎಂಬುದು ಮೊದಲು ಸ್ಪಷ್ಟವಾಗಬೇಕು.

ಸಿಡಿ ಒಂದು ಸೆಕೆಂಡಿಗೆ 44,100 ಸಲ (ಅಂದರೆ 44.1 ಕಿಲೋಹರ್ಟ್ಸ್) ಧ್ವನಿಯ ಅಲೆಯ ಎತ್ತರವನ್ನು ಅಳೆದು, ಸ್ಯಾಂಪಲ್ ಎನ್ನುವ ಪ್ರತಿ ಅಳತೆಯನ್ನೂ 16 ಬಿಟ್‌ಗಳಲ್ಲಿ ಬರೆದಿಡುತ್ತದೆ. (ಈ ವಿಚಿತ್ರ ಸಂಖ್ಯೆ ವಿಡಿಯೋ ಟೇಪಿನಿಂದ ಬಂದದ್ದು. ಆಗ ಡಿಜಿಟಲ್ ಧ್ವನಿಯನ್ನು ವಿಡಿಯೋ ರೆಕಾರ್ಡರುಗಳಲ್ಲಿ ತುಂಬಿಡುತ್ತಿದ್ದರು. ಒಂದು ಗೆರೆಗೆ ಮೂರು ಸ್ಯಾಂಪಲ್, 245 ಗೆರೆ, ಸೆಕೆಂಡಿಗೆ 60 ಫೀಲ್ಡ್ (ವಿಡಿಯೋದ ಅರ್ಧ ಚಿತ್ರ): ಗುಣಿಸಿ ನೋಡಿ.) ಫಿಲಿಪ್ಸ್ ಮತ್ತು ಸೋನಿ ಸೇರಿ ರೂಪಿಸಿದ ಈ ಪದ್ಧತಿ 1982ರಲ್ಲಿ ಮಾರುಕಟ್ಟೆಗೆ ಬಂತು. ಅಳತೆಗಳ ನಡುವೆ ಏನೋ ಕಳೆದುಹೋಗುತ್ತದೆ, ಅಲೆ ಮೆಟ್ಟಿಲುಮೆಟ್ಟಿಲಾಗಿ ಹೊರಬರುತ್ತದೆ ಎಂಬ ನಂಬಿಕೆ ಬಹಳ ಜನರಲ್ಲಿದೆ. ಜಾಹೀರಾತಿನ ಚಿತ್ರಗಳೂ ಹಾಗೆಯೇ ತೋರಿಸುತ್ತವೆ. ಅದು ತಪ್ಪು. ನೈಕ್ವಿಸ್ಟ್ 1928ರಲ್ಲಿ ತೋರಿಸಿಕೊಟ್ಟು, ಶಾನನ್ 1949ರಲ್ಲಿ ಗಣಿತದಿಂದ ಸಾಧಿಸಿದ ಸತ್ಯವೆಂದರೆ, ಒಂದು ಧ್ವನಿಯಲ್ಲಿರುವ ಅತಿ ಹೆಚ್ಚಿನ ಕಂಪನದ ಎರಡು ಪಟ್ಟಿಗಿಂತ ಹೆಚ್ಚು ವೇಗದಲ್ಲಿ ಅಳೆದರೆ ಆ ಧ್ವನಿಯನ್ನು ಏನೂ ಬಿಡದೆ ಮತ್ತೆ ಕಟ್ಟಬಹುದು. ಡ್ಯಾಕಿನಿಂದ ಹೊರಬರುವುದು ನುಣುಪಾದ ಅಲೆಯೇ. ಹಾಗಾಗಿ 44.1 ಕಿಲೋಹರ್ಟ್ಸ್ ಎಂದರೆ ಸುಮಾರು 22 ಕಿಲೋಹರ್ಟ್ಸ್‌ವರೆಗಿನ ಧ್ವನಿ ಪೂರ್ತಿಯಾಗಿ ಉಳಿಯುತ್ತದೆ. ಮಗುವಿನ ಕಿವಿ ಕೇಳುವುದು 20ರವರೆಗೆ. ಐವತ್ತು ದಾಟಿದ ಬಹುತೇಕರಿಗೆ 14ರ ಆಚೆಗೆ ಹೆಚ್ಚೇನೂ ಕೇಳಿಸುವುದಿಲ್ಲ, ನನಗಂತೂ ಈಗ 11 ದಾಟುವುದಿಲ್ಲ. 192 ಕಿಲೋಹರ್ಟ್ಸ್‌ನ ಫೈಲು 96ರವರೆಗಿನ ಕಂಪನಗಳನ್ನು ಹೊತ್ತು ತರುತ್ತದೆ. ಅದು ಬಾವಲಿಗಳು ಮಾತನಾಡುವ ಮಟ್ಟ.

ಇನ್ನು ಬಿಟ್. ಅದು ಧ್ವನಿಯ ನಯವನ್ನು ಅಳೆಯುವುದಿಲ್ಲ, ತಳದಲ್ಲಿ ಎಷ್ಟು ಹಿನ್ನೆಲೆ ಸದ್ದು ಉಳಿಯುತ್ತದೆ ಎಂಬುದನ್ನು ಅಳೆಯುತ್ತದೆ. 16 ಬಿಟ್‌ನಲ್ಲಿ ಅತಿ ಜೋರಾದ ಧ್ವನಿಗೂ ಆ ತಳಕ್ಕೂ ಸುಮಾರು 96 ಡೆಸಿಬಲ್ ಅಂತರವಿರುತ್ತದೆ. 24 ಬಿಟ್‌ನಲ್ಲಿ ಲೆಕ್ಕಕ್ಕೆ 144, ಆದರೆ ಮನೆಗಳಲ್ಲಿ ಬಳಸುವ ಡ್ಯಾಕ್‌ಗಳು ಅಷ್ಟನ್ನು ಮುಟ್ಟುವುದಿಲ್ಲ. ನಿಮ್ಮ ಕೋಣೆ ನಡುರಾತ್ರಿಯಲ್ಲೂ 30 ಡೆಸಿಬಲ್ ಸದ್ದು ಮಾಡುತ್ತಿರುತ್ತದೆ. ಈ ತಿಂಗಳಲ್ಲಿ ಹೆಂಚಿನ ಮೇಲೆ ಮಳೆ ಬೀಳುವಾಗ ಅದು ಎಷ್ಟಾಗುತ್ತದೆಂದು ನೀವೇ ಅಳೆದು ನೋಡಿ. ಕಿವಿ ನೋಯುವಷ್ಟು ಜೋರಾಗಿ ಹಾಕಿದರೂ ಸಿಡಿಯ ತಳದ ಸದ್ದು ನಿಮ್ಮ ಕೋಣೆಯ ಸದ್ದಿನ ಕೆಳಗೇ ಮುಳುಗಿರುತ್ತದೆ.

ಗೋಣಿಕೊಪ್ಪ, ಜುಲೈ 8

ಮಡಿಕೇರಿ ಸರ್, ತಮ್ಮ ಅನುಭವದ ಬಗ್ಗೆ ನನಗೆ ಗೌರವವಿದೆ. ಆದರೂ ಇಪ್ಪತ್ತು ವರ್ಷಗಳಿಂದ ಗಮನವಿಟ್ಟು ಸಂಗೀತ ಕೇಳುತ್ತಿರುವ ನಾನು ಇದನ್ನು ಹಾಗೆಯೇ ಒಪ್ಪಲಾರೆ. ಕಿವಿ ಕಂಪನವನ್ನಷ್ಟೇ ಅಳೆಯುವ ಉಪಕರಣವಲ್ಲ. ಎರಡು ಕಿವಿಗಳಿಗೆ ಧ್ವನಿ ತಲುಪುವ ಸಮಯದಲ್ಲಿ ಹತ್ತು ಮೈಕ್ರೋಸೆಕೆಂಡಿನ ವ್ಯತ್ಯಾಸವಿದ್ದರೂ ನಾವು ದಿಕ್ಕನ್ನು ಗುರುತಿಸುತ್ತೇವೆ ಎಂದು ಓದಿದ್ದೇನೆ. ಸಿಡಿಯ ಎರಡು ಸ್ಯಾಂಪಲ್‌ಗಳ ನಡುವಿನ ಅಂತರ 22.7 ಮೈಕ್ರೋಸೆಕೆಂಡ್. ಅಂದ ಮೇಲೆ ಮೃದಂಗದ ಚಾಪು ಬಿದ್ದ ಕ್ಷಣ ಸಿಡಿಯಲ್ಲಿ ಮಸುಕಾಗಲೇಬೇಕಲ್ಲವೇ? ಜೊತೆಗೆ 22 ಕಿಲೋಹರ್ಟ್ಸ್‌ನಲ್ಲಿ ಧ್ವನಿಯನ್ನು ಕಡಿದಾಗಿ ಕತ್ತರಿಸುವ ಫಿಲ್ಟರ್, ಪೆಟ್ಟಿನ ಮೊದಲೇ ಒಂದು ನಡುಕವನ್ನು ಸೇರಿಸುತ್ತದೆಂಬುದೂ ತಮಗೆ ಗೊತ್ತಿರುವ ವಿಷಯ. ತಾಳದ ಝೇಂಕಾರ ಹೈ-ರೆಸ್‌ನಲ್ಲಿ ಗಾಳಿಯಲ್ಲಿ ಕರಗುತ್ತದೆ, ಸಿಡಿಯಲ್ಲಿ ಕತ್ತರಿಸಿದಂತೆ ನಿಲ್ಲುತ್ತದೆ. ಇದು ನನ್ನ ಅನುಭವ, ಕಲ್ಪನೆಯಲ್ಲ.

ಮಡಿಕೇರಿ, ಜುಲೈ 8

ಗೋಣಿಕೊಪ್ಪದವರು ಒಳ್ಳೆಯ ಪ್ರಶ್ನೆ ಕೇಳಿದ್ದಾರೆ. ಆದರೆ ಸ್ಯಾಂಪಲ್‌ಗಳ ನಡುವಿನ ಅಂತರವೇ ಸಮಯದ ಸೂಕ್ಷ್ಮತೆಯ ಮಿತಿಯಲ್ಲ. ಚಾಪು ಎರಡು ಸ್ಯಾಂಪಲ್‌ಗಳ ನಡುವೆ ಎಲ್ಲಿ ಬಿದ್ದರೂ, ಅದರ ಸುತ್ತಲಿನ ಅಳತೆಗಳ ಎತ್ತರಗಳು ಅದಕ್ಕೆ ತಕ್ಕಂತೆ ಬದಲಾಗುತ್ತವೆ, ಮತ್ತೆ ಕಟ್ಟಿದ ಅಲೆ ಅದೇ ಜಾಗದಲ್ಲಿ ಏಳುತ್ತದೆ. ಸಿಡಿ ಹಿಡಿದಿಡಬಲ್ಲ ಸಮಯದ ವ್ಯತ್ಯಾಸ ಒಂದು ಮೈಕ್ರೋಸೆಕೆಂಡಿನ ಬಹಳ ಸಣ್ಣ ಭಾಗ. ಎರಡು ಚಾನಲ್‌ಗಳ ನಡುವಿನ ಹತ್ತು ಮೈಕ್ರೋಸೆಕೆಂಡ್ ಅದಕ್ಕೆ ದೊಡ್ಡ ಅಂತರ. ಫಿಲ್ಟರಿನ ನಡುಕ ಇರುವುದು ನಿಜ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಅದು ನಡುಗುವುದು 22 ಕಿಲೋಹರ್ಟ್ಸ್‌ನ ಬಳಿ, ಕಿವಿ ತಲುಪದ ಜಾಗದಲ್ಲಿ. ಇನ್ನೂ ಒಂದು ಮಾತು: ಕೇಳಿಸದ ಆ ಮೇಲಿನ ಕಂಪನಗಳನ್ನು ಸ್ಪೀಕರಿಗೆ ಕಳುಹಿಸಿದಾಗ ಆಂಪ್ಲಿಫೈಯರ್ ಮತ್ತು ಟ್ವೀಟರ್ (ಸ್ಪೀಕರಿನಲ್ಲಿ ಮೇಲಿನ ಸ್ವರಗಳನ್ನು ನುಡಿಸುವ ಭಾಗ) ಅವುಗಳನ್ನು ಒಂದಕ್ಕೊಂದು ಬೆರೆಸಿ, ಕೇಳಿಸುವ ಮಟ್ಟಕ್ಕೆ ಒಂದಿಷ್ಟು ವಿಕೃತಿಯನ್ನು ಇಳಿಸುವ ಸಾಧ್ಯತೆಯೂ ಇದೆ. ಅಂಥ ಕಡೆ ವ್ಯತ್ಯಾಸ ಕೇಳಿಸಿದರೂ ಅದು ಒಳ್ಳೆಯ ವ್ಯತ್ಯಾಸವಲ್ಲ.

ಸೋಮವಾರಪೇಟೆ, ಜುಲೈ 9

ನಾನು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ಇಬ್ಬರೂ ಹಿರಿಯರು ಕಿವಿಯ ಬಗ್ಗೆ ಹೇಳುತ್ತಿರುವುದನ್ನು ಪರೀಕ್ಷಿಸಿದವರು ಈಗಾಗಲೇ ಇದ್ದಾರೆ. ಆ ಫಲಿತಾಂಶಗಳನ್ನು ಎರಡೂ ಕಡೆಯವರು ತಮಗೆ ಬೇಕಾದಂತೆ ಹರಿದು ಹಂಚಿಕೊಂಡಿರುವುದರಿಂದ ಪೂರ್ತಿಯಾಗಿ ಹೇಳುವುದು ಒಳ್ಳೆಯದು.

ಅಮೆರಿಕದ ಮೇಯರ್ ಮತ್ತು ಮೊರಾನ್ ಎಂಬ ಇಬ್ಬರು 2007ರಲ್ಲಿ ತಮ್ಮ ಪ್ರಯೋಗವನ್ನು ಪ್ರಕಟಿಸಿದರು. ಹೈ-ರೆಸ್ ಡಿಸ್ಕಿನ ಧ್ವನಿಯನ್ನು ಒಮ್ಮೆ ನೇರವಾಗಿ, ಒಮ್ಮೆ ಸಿಡಿಯ ಮಟ್ಟದ ಪರಿವರ್ತಕವೊಂದರ ಮೂಲಕ ಹಾಯಿಸಿ, ಯಾವುದು ಯಾವುದೆಂದು ತಿಳಿಸದೆ ಕೇಳಿಸಿದರು. 554 ಸಲ ಕೇಳಿಸಿದಾಗ 276 ಸಲ ಉತ್ತರ ಸರಿಯಾಗಿತ್ತು, ಅಂದರೆ ಶೇ 49.8. ನಾಣ್ಯ ಚಿಮ್ಮಿದ್ದರೂ ಇಷ್ಟೇ ಬರುತ್ತಿತ್ತು. ಆದರೆ ಅವರು ಬಳಸಿದ ಡಿಸ್ಕ್‌ಗಳಲ್ಲಿ ಕೆಲವು ಮೂಲದಲ್ಲೇ ನಿಜವಾದ ಹೈ-ರೆಸ್ ಆಗಿರಲಿಲ್ಲ ಎಂಬ ಆಕ್ಷೇಪ ಬಂತು, ಅದರಲ್ಲಿ ಹುರುಳಿದೆ. 2016ರಲ್ಲಿ ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದ ಜೋಶುವಾ ರೀಸ್, ಇಂಥ 18 ಪ್ರಯೋಗಗಳ 12,500ಕ್ಕೂ ಹೆಚ್ಚು ಉತ್ತರಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದರು. ಸರಿಯುತ್ತರ ಶೇ 52.3 ಬಂತು. ಮೊದಲೇ ತರಬೇತಿ ಪಡೆದು ಕೇಳಿದವರಲ್ಲಿ ಅದು 60ರ ಆಸುಪಾಸಿಗೆ ಏರಿತು. ಇಷ್ಟು ದೊಡ್ಡ ಸಂಖ್ಯೆಯಲ್ಲಿ ಶೇ 52.3 ಬರುವುದು ಬರೀ ಅದೃಷ್ಟದಿಂದ ಆಗುವಂಥದ್ದಲ್ಲ. ಏನೋ ಸಣ್ಣದೊಂದು ಕೆಲವರಿಗೆ ಕೆಲವು ಸಂದರ್ಭಗಳಲ್ಲಿ ಕೇಳಿಸುತ್ತಿದೆ ಎಂದು ಒಪ್ಪಬೇಕು. ಆದರೆ ನಾಪೋಕ್ಲಿನ ಅಣ್ಣ ಹೇಳಿದ “ಮೊದಲ ಮೀಟಿನಲ್ಲೇ ತಿಳಿಯಿತು” ಎಂಬುದು ನೂರಕ್ಕೆ ನೂರು. ಎಲ್ಲ ಅನುಕೂಲಗಳಿದ್ದ ಪ್ರಯೋಗಾಲಯದಲ್ಲಿ 52 ಬಂದದ್ದು ನಾಪೋಕ್ಲಿನ ಹಜಾರದಲ್ಲಿ 100 ಬಂದರೆ, ಅಲ್ಲಿ ಬೇರೆ ಯಾವುದೋ ಕಾರಣ ಕೆಲಸ ಮಾಡುತ್ತಿದೆ ಎಂದೇ ನನ್ನ ಅನುಮಾನ.

ಮನೆಯಲ್ಲಿ ಪರೀಕ್ಷೆ ಮಾಡುವುದಾದರೆ ಸಿಡಿಯನ್ನೂ ಹೈ-ರೆಸ್ ಫೈಲನ್ನೂ ಹೋಲಿಸಬೇಡಿ. ಹೈ-ರೆಸ್ ಫೈಲನ್ನೇ 44.1 ಮತ್ತು 16 ಬಿಟ್‌ಗೆ ಇಳಿಸಿ, ಮತ್ತೆ ಮೊದಲಿನ ಮಟ್ಟಕ್ಕೆ ಏರಿಸಿ, ಆ ಎರಡನ್ನು ಹೋಲಿಸಿ. ಆಗ ಮಾತ್ರ ನಡುವಿನ ವ್ಯತ್ಯಾಸ ಸಿಡಿಯ ಮಟ್ಟದ್ದೇ ಆಗಿರುತ್ತದೆ. ಕಂಪ್ಯೂಟರಿನಲ್ಲಿ ಸಂಗೀತ ನುಡಿಸುವ ಫೂಬಾರ್ ಎಂಬ ಸಾಫ್ಟ್‌ವೇರಿಗೆ ಎಬಿಎಕ್ಸ್ ಎಂಬ ಸೌಲಭ್ಯವನ್ನು ಸೇರಿಸಿಕೊಳ್ಳಬಹುದು, ಯಾವುದನ್ನು ನುಡಿಸುತ್ತಿದೆ ಎಂದು ಅದು ಹೇಳುವುದಿಲ್ಲ, ನೀವೇ ಗುರುತಿಸಬೇಕು. ಎಷ್ಟು ಸಲ ಕೇಳುತ್ತೀರಿ ಎಂಬುದನ್ನು ಮೊದಲೇ ನಿಶ್ಚಯಿಸಿಕೊಳ್ಳಿ, 16 ಸಾಕು. 12 ಅಥವಾ ಅದಕ್ಕಿಂತ ಹೆಚ್ಚು ಸರಿಯಾಗಿ ಬರುವ ಅದೃಷ್ಟ ನೂರಕ್ಕೆ ನಾಲ್ಕಕ್ಕಿಂತ ಕಡಿಮೆ. ಒಳ್ಳೆಯ ಅಂಕ ಬಂದ ಕೂಡಲೇ ನಿಲ್ಲಿಸುವುದು, ಬಾರದಿದ್ದರೆ ಮುಂದುವರಿಸುವುದು ಮಾಡಿದರೆ ಲೆಕ್ಕ ಕೆಡುತ್ತದೆ.

ವಿರಾಜಪೇಟೆ, ಜುಲೈ 9

ನಾನು ಆಂಪ್ಲಿಫೈಯರ್, ಸ್ಪೀಕರ್ ರಿಪೇರಿ ಮಾಡುವವನು. ಪರೀಕ್ಷೆಗೆ ಕೂರುವ ಮೊದಲು ದಯವಿಟ್ಟು ಎಲ್ಲರೂ ಸ್ಪೀಕರಿನ ಬಟ್ಟೆ ತೆಗೆದು ಟಾರ್ಚ್ ಬಿಟ್ಟು ನೋಡಿ. ಕಕ್ಕಡ ತಿಂಗಳ ಜೋರು ಮಳೆಯ ಹೊತ್ತಿಗೆ ನನ್ನ ಬಳಿ ಬರುವ ಹತ್ತು ಸ್ಪೀಕರುಗಳಲ್ಲಿ ಆರೇಳರ ಕೋನ್ ಮೇಲೆ ಬೂದು ಬಣ್ಣದ ಬೂಷ್ಟು ಹಿಡಿದಿರುತ್ತದೆ. ಕಾಗದದ ಕೋನ್ ತೇವ ಹೀರಿ ಭಾರವಾಗುತ್ತದೆ. ವಾಲ್ಯೂಮ್ ತಿರುಗಿಸುವಾಗ ಕರಕರ ಎನ್ನುವುದು, ಎಡಗಡೆ ಧ್ವನಿ ಬಲಗಡೆಗಿಂತ ತಗ್ಗುವುದು, ಅರ್ತಿಂಗ್ ಸರಿಯಿಲ್ಲದೆ 50 ಹರ್ಟ್ಸ್‌ನ ಗುಂಯ್ ಎಂಬ ಸದ್ದು ಇವೆಲ್ಲ ನಮ್ಮ ಜಿಲ್ಲೆಯ ಮನೆಗಳಲ್ಲಿ ಸಾಮಾನ್ಯ. ಇವುಗಳಲ್ಲಿ ಒಂದೊಂದೂ 16 ಮತ್ತು 24 ಬಿಟ್‌ನ ವ್ಯತ್ಯಾಸಕ್ಕಿಂತ ಸಾವಿರ ಪಾಲು ದೊಡ್ಡದು. ಬೂಷ್ಟನ್ನು ಒದ್ದೆ ಬಟ್ಟೆಯಿಂದ ಉಜ್ಜಬೇಡಿ; ಒಣಗಿದ ಮೃದುವಾದ ಬ್ರಷ್‌ನಿಂದ ಹೊರಗೆ, ಬಿಸಿಲು ಬಂದ ದಿನ ತೆಗೆಯಿರಿ.

ನಾಪೋಕ್ಲು, ಜುಲೈ 14

ಸೋಮವಾರಪೇಟೆಯ ತಂಗಿಯ ಅನುಮಾನ ಸರಿಯಾಗಿತ್ತು. ಆದದ್ದನ್ನು ಆದಂತೆಯೇ ಬರೆಯುತ್ತೇನೆ.

ಮೊದಲು ಸಿಡಿಯನ್ನು ಕಂಪ್ಯೂಟರಿಗೆ ಇಳಿಸಿಕೊಂಡು, ಹೈ-ರೆಸ್ ಫೈಲಿನ ಜೊತೆಗೆ ಒಂದರ ಕೆಳಗೊಂದು ಅಲೆಯ ಚಿತ್ರವನ್ನು ತೆರೆದೆ. ನೋಡಿದ ಕ್ಷಣವೇ ವಿಷಯ ತಿಳಿಯಿತು. ಸಿಡಿಯಲ್ಲಿ ಆಲಾಪನೆ ಸಣ್ಣ ಅಲೆಗಳಾಗಿಯೂ ತಾನ ದೊಡ್ಡ ಅಲೆಗಳಾಗಿಯೂ ಕಾಣುತ್ತಿದ್ದರೆ, ಹೈ-ರೆಸ್ ಫೈಲಿನಲ್ಲಿ ಆರಂಭದಿಂದ ಕೊನೆಯವರೆಗೂ ಒಂದೇ ದಪ್ಪದ ಪಟ್ಟಿ. ಯಾರೋ ಅದನ್ನು ಹೊಸದಾಗಿ ಮಾಸ್ಟರಿಂಗ್ ಮಾಡಿ (ಬಿಡುಗಡೆಗೆ ಮೊದಲು ಧ್ವನಿಯನ್ನು ಹದಗೊಳಿಸುವ ಕೊನೆಯ ಕೆಲಸ), ತಗ್ಗಿನ ಭಾಗಗಳನ್ನು ಎತ್ತಿ, ಮೇಲಿನ ಭಾಗಗಳನ್ನು ಅದುಮಿದ್ದಾರೆ. ಒಟ್ಟಾರೆ ಅದು ಸಿಡಿಗಿಂತ ಎರಡೂವರೆ ಡೆಸಿಬಲ್ ಜೋರಾಗಿತ್ತು. ತಂತಿ ಒಂದು ಮೊಳ ಹತ್ತಿರ ಬಂದಂತೆ ಕೇಳಿಸಿದ್ದು ಇದರಿಂದಲೇ. ಸ್ವಲ್ಪ ಜೋರಾದದ್ದು ನಮಗೆ ಜೋರು ಎಂದು ತೋರದೆ ಚೆನ್ನಾಗಿದೆ ಎಂದು ತೋರುತ್ತದೆ ಎಂಬುದನ್ನು ನಾನು ಎಲ್ಲೋ ಓದಿದ್ದೆ, ನನ್ನ ಕಿವಿಯಲ್ಲೇ ಅದು ನಡೆಯುತ್ತಿದೆಯೆಂದು ಹೊಳೆದಿರಲಿಲ್ಲ. ಎರಡರ ಮಟ್ಟವನ್ನೂ ಸಮ ಮಾಡಿ ಮತ್ತೆ ಕೇಳಿದೆ. ಹಳೆಯ ಸಿಡಿಯೇ ನನಗೆ ಹೆಚ್ಚು ಇಷ್ಟವಾಯಿತು. ಆಲಾಪನೆಯಲ್ಲಿ ಮೀಟು ಮೆಲ್ಲನೆ ಅಡಗಿ ಗಮಕ ಮಾತ್ರ ಉಳಿಯುವ ಜಾಗಗಳು ಅದರಲ್ಲಿ ಹಾಗೆಯೇ ಇವೆ, ಹೊಸದರಲ್ಲಿ ಇಲ್ಲ.

ಹೆಂಡತಿಗೆ ಹೇಗೆ ತಿಳಿಯಿತೆಂದು ಕೇಳಿದೆ. ಡ್ಯಾಕಿನ ಮುಂಭಾಗದ ದೀಪ ಸಿಡಿಗೆ ಹಸಿರು, 192ಕ್ಕೆ ನೀಲಿ ಉರಿಯುತ್ತದೆ. ನಾನು ನೀಲಿ ಬಂದಾಗಲೆಲ್ಲ ಮುಂದಕ್ಕೆ ಬಾಗಿ ಕೂರುತ್ತಿದ್ದೆನಂತೆ. ಈಗ ದೀಪಕ್ಕೆ ಕಪ್ಪು ಟೇಪ್ ಅಂಟಿಸಿದ್ದೇನೆ.

ಮಳೆಯ ಸದ್ದನ್ನೂ ಅಳೆದೆ. ಫೋನಿನ ಆಪ್ ಎಷ್ಟು ನಿಖರವೋ ಅಷ್ಟೇ ಎಂದು ತಿಳಿದುಕೊಳ್ಳಿ: ಮಧ್ಯಾಹ್ನದ ಜಡಿಮಳೆಯಲ್ಲಿ ಹಜಾರದಲ್ಲಿ 61, ಮಳೆ ಬಿಟ್ಟ ರಾತ್ರಿ ಹನ್ನೊಂದಕ್ಕೆ 33.

ಮಡಿಕೇರಿ, ಜುಲೈ 14

ಇದನ್ನು ಓದಿ ಸಂತೋಷವಾಯಿತು. ಸೋಮವಾರಪೇಟೆಯವರು ಹೇಳಿದ 2007ರ ಆ ಪ್ರಬಂಧದಲ್ಲಿಯೂ ಇದೇ ಮಾತಿದೆ: ಹೈ-ರೆಸ್ ಡಿಸ್ಕ್‌ಗಳು ಹಲವು ಸಲ ಸಾಮಾನ್ಯ ಸಿಡಿಗಳಿಗಿಂತ ಚೆನ್ನಾಗಿ ಕೇಳಿಸಿದವು, ಅದಕ್ಕೆ ಕಾರಣ ಅವುಗಳನ್ನು ಹೆಚ್ಚಿನ ಕಾಳಜಿಯಿಂದ ಮಾಡಿದ್ದೇ ಹೊರತು ಬಿಟ್‌ಗಳಲ್ಲ ಎಂದು ಅವರೇ ಬರೆದಿದ್ದಾರೆ. ನಿಮ್ಮ ವೀಣೆಯ ವಿಷಯದಲ್ಲಿ ಕಾಳಜಿ ಹಳೆಯ ಸಿಡಿಯಲ್ಲಿತ್ತು. ಕೊಳ್ಳುವಾಗ ನೋಡಬೇಕಾದದ್ದು ಯಾರು, ಯಾವ ಟೇಪಿನಿಂದ, ಹೇಗೆ ಮಾಸ್ಟರಿಂಗ್ ಮಾಡಿದರು ಎಂಬುದನ್ನು. 1960–70ರ ದಶಕಗಳ ಟೇಪ್‌ಗಳಿಂದ ಮಾಡಿದ ಹೈ-ರೆಸ್ ಫೈಲುಗಳಲ್ಲಿ ಟೇಪಿನದ್ದೇ ಹಿಸ್ (ಸ್ಸ್ ಎಂಬ ಸದ್ದು) ಸಂಗೀತದ ಮೇಲ್ಮಟ್ಟದಿಂದ 60–70 ಡೆಸಿಬಲ್ ಕೆಳಗೆ ಕೇಳುತ್ತಿರುತ್ತದೆ. ಅದನ್ನು ಹಿಡಿಯಲು 12 ಬಿಟ್‌ಗಳೇ ಸಾಕು. ಉಳಿದ ಬಿಟ್‌ಗಳೆಲ್ಲ ಹಿಸ್‌ನ ವಿವರವನ್ನು ಬರೆದಿಡುತ್ತವೆ.

ಕುಶಾಲನಗರ, ಜುಲೈ 15

ನಾನು ವಿದ್ಯಾರ್ಥಿ. ನನ್ನ ಬ್ಲೂಟೂತ್ ಹೆಡ್‌ಫೋನಿನ ಪೆಟ್ಟಿಗೆಯ ಮೇಲೆ ಚಿನ್ನದ ಬಣ್ಣದ ಹೈ-ರೆಸ್ ಗುರುತಿದೆ. ಆಪಿನಲ್ಲಿ 24 ಬಿಟ್ ಆಯ್ಕೆ ಮಾಡಿಕೊಂಡಿದ್ದೇನೆ, ದಿನದ ಡೇಟಾ ಸಂಜೆಯೊಳಗೆ ಮುಗಿಯುತ್ತಿದೆ. ಅದರಿಂದ ಪ್ರಯೋಜನವಿದೆಯೇ?

ಸೋಮವಾರಪೇಟೆ, ಜುಲೈ 15

ಇಲ್ಲ, ತಮ್ಮಾ. ಸಿಡಿಯ ಧ್ವನಿಗೆ ಸೆಕೆಂಡಿಗೆ 1,411 ಕಿಲೋಬಿಟ್ ಬೇಕು. 24 ಬಿಟ್, 96 ಕಿಲೋಹರ್ಟ್ಸ್‌ಗೆ 4,608. ಬ್ಲೂಟೂತ್‌ನಲ್ಲಿ ಧ್ವನಿಯನ್ನು ಕುಗ್ಗಿಸುವ ಸಾಮಾನ್ಯ ವಿಧಾನವಾದ ಎಸ್‌ಬಿಸಿ ಕೊಂಡೊಯ್ಯುವುದು ಸುಮಾರು 328, ಅದಕ್ಕಿಂತ ಮೇಲ್ಮಟ್ಟದ ಎಲ್‌ಡ್ಯಾಕ್ ಇದ್ದರೂ ಹೆಚ್ಚೆಂದರೆ 990. ಹಾಗಾಗಿ ಫೋನು ನಿನ್ನ 24 ಬಿಟ್ ಫೈಲನ್ನು ತೆರೆದು, ಮತ್ತೆ ಕುಗ್ಗಿಸಿ, ಕಿವಿಗೆ ಕಳುಹಿಸುತ್ತದೆ. ಆಂಡ್ರಾಯ್ಡ್ ಫೋನುಗಳಲ್ಲಿ ತಂತಿ ಹಾಕಿ ಕೇಳಿದರೂ ಬಹಳ ಸಲ ಎಲ್ಲವೂ 48 ಕಿಲೋಹರ್ಟ್ಸ್‌ಗೆ ಬದಲಾಗಿಯೇ ಹೊರಬರುತ್ತದೆ. ಆ ಆಯ್ಕೆಯನ್ನು ತೆಗೆದುಬಿಡು, ಡೇಟಾವನ್ನು ಓದಿಗೆ ಉಳಿಸಿಕೋ.

ಗೋಣಿಕೊಪ್ಪ, ಜುಲೈ 22

ನಾನು ಪರೀಕ್ಷೆ ಮಾಡಿದೆ. ಸೋಮವಾರಪೇಟೆಯವರು ಹೇಳಿದಂತೆ ಒಂದೇ ಫೈಲನ್ನು ಇಳಿಸಿ ಏರಿಸಿ, 16 ಸಲವೆಂದು ಮೊದಲೇ ಬರೆದಿಟ್ಟುಕೊಂಡು, ಐದು ರಾತ್ರಿ ಐದು ಬೇರೆ ಬೇರೆ ಸಂಗೀತಗಳನ್ನು ಮುಚ್ಚಿದ ಹೆಡ್‌ಫೋನಿನಲ್ಲಿ ಕೇಳಿದೆ. ನಾಲ್ಕರಲ್ಲಿ 7, 9, 8, 10 ಬಂತು. ತಾಳದ ಝೇಂಕಾರ ಕತ್ತರಿಸಿದಂತೆ ನಿಲ್ಲುತ್ತದೆಂದು ನಾನು ಇಲ್ಲಿ ಬರೆದಿದ್ದೆನಲ್ಲ, ಅದೇ ತುಣುಕಿನಲ್ಲಿ ನನಗೆ 8 ಬಂತು. ಅದನ್ನು ಒಪ್ಪಿಕೊಳ್ಳಬೇಕು, ಒಪ್ಪಿಕೊಳ್ಳುತ್ತೇನೆ.

ಆದರೆ ಐದನೆಯದರಲ್ಲಿ 14 ಬಂದಿದೆ. ಅದು ಒಂದು ಗಾಯನದ ಕೊನೆ. ಹಾಡು ಮುಗಿದ ಮೇಲೆ ತಂಬೂರಿ ಮಾತ್ರ ಉಳಿದು ನಿಧಾನವಾಗಿ ಮೌನಕ್ಕೆ ಇಳಿಯುತ್ತದೆ. ಆ ಜಾಗದಲ್ಲಿ ವಾಲ್ಯೂಮ್ ಹೆಚ್ಚಿಸಿಕೊಂಡು ಕೇಳಿದಾಗ, ಹೈ-ರೆಸ್‌ನಲ್ಲಿ ತಂಬೂರಿ ಮಂಜಿನೊಳಗೆ ಹೋಗುವಂತೆ ಮರೆಯಾಗುತ್ತದೆ. ಇಳಿಸಿದ ಫೈಲಿನಲ್ಲಿ ಕೊನೆಯ ಎರಡು ಸೆಕೆಂಡು ಮರಳಿನ ಮೇಲೆ ಎಳೆದಂತೆ ಒರಟಾಗುತ್ತದೆ. 14 ಎಂಬುದು ಅದೃಷ್ಟವಲ್ಲ ಎಂದುಕೊಂಡಿದ್ದೇನೆ. ಹಾಗಾದರೆ ಸಿಡಿಯ ಮಟ್ಟ ಸಾಲದು ಎಂದಾಯಿತಲ್ಲವೇ?

ಸೋಮವಾರಪೇಟೆ, ಜುಲೈ 22

ಖಂಡಿತ ಅದೃಷ್ಟವಲ್ಲ. 16ರಲ್ಲಿ 14 ಅಥವಾ ಹೆಚ್ಚು ಸುಮ್ಮನೆ ಬರುವ ಸಂಭವ ಸಾವಿರಕ್ಕೆ ಎರಡು. ಐದು ಸಲ ಪ್ರಯತ್ನಿಸಿದ್ದನ್ನು ಲೆಕ್ಕಕ್ಕೆ ತೆಗೆದುಕೊಂಡರೂ ನೂರಕ್ಕೆ ಒಂದರಷ್ಟು. ತಾವು ಏನನ್ನೋ ಕೇಳಿದ್ದೀರಿ.

ಮಡಿಕೇರಿ, ಜುಲೈ 23

ಗೋಣಿಕೊಪ್ಪದವರ ಕಿವಿಗೆ ನನ್ನ ನಮಸ್ಕಾರ. ಅವರು ವಿವರಿಸಿದ ಆ ಒರಟುತನವನ್ನು ನಾನು ಬಲ್ಲೆ. ಒಂದೇ ಪ್ರಶ್ನೆ: ಫೈಲನ್ನು 16 ಬಿಟ್‌ಗೆ ಇಳಿಸುವಾಗ ಡಿದರ್ ಹಾಕಿದ್ದಿರಾ?

ಡಿದರ್ ಎಂದರೇನೆಂದು ಕೇಳುವವರಿಗಾಗಿ ಹೇಳುತ್ತೇನೆ. ಮೆಣಸು ತೂಗುವಾಗ ತಕ್ಕಡಿಯ ಮುಳ್ಳು ಒಂದು ಗೆರೆಗೆ ಅಂಟಿಕೊಂಡು ನಿಂತಿದೆ ಎನಿಸಿದರೆ ನಾವು ಬೆರಳಿನಿಂದ ಮೆಲ್ಲನೆ ತಟ್ಟುತ್ತೇವೆ. ಮುಳ್ಳು ಸ್ವಲ್ಪ ಅಲುಗಾಡಿ, ನಿಜವಾದ ತೂಕದ ಸುತ್ತ ಆಡತೊಡಗುತ್ತದೆ. 24 ಬಿಟ್‌ನ ಅಳತೆಯನ್ನು 16ಕ್ಕೆ ತರುವಾಗ ಕೊನೆಯ ಎಂಟು ಬಿಟ್‌ಗಳನ್ನು ಸುಮ್ಮನೆ ಕತ್ತರಿಸಿದರೆ, ಬಹಳ ಮೆಲ್ಲಗಿನ ಧ್ವನಿ ಹತ್ತಿರದ ಗೆರೆಗೆ ಅಂಟಿಕೊಂಡು, ತಪ್ಪು ಸಂಗೀತದ ಜೊತೆಜೊತೆಗೇ ಹೆಜ್ಜೆ ಹಾಕುತ್ತದೆ. ತಂಬೂರಿ ಒರಟಾಗುವುದು ಅದಕ್ಕೇ. ಕತ್ತರಿಸುವ ಮೊದಲು ಅತಿ ಸಣ್ಣ, ಗೊತ್ತುಗುರಿಯಿಲ್ಲದ ಒಂದು ಸದ್ದನ್ನು ಬೆರೆಸಿದರೆ ಆ ತಪ್ಪು ಸಂಗೀತದಿಂದ ಬೇರ್ಪಟ್ಟು ಸಮನಾದ, ಕೇಳಿಸದಷ್ಟು ತೆಳುವಾದ ಹಿಸ್ ಆಗುತ್ತದೆ. 16 ಬಿಟ್‌ನ ಕೊನೆಯ ಗೆರೆಗಿಂತ ಕೆಳಗಿರುವ ಸ್ವರವೂ ಆ ಹಿಸ್‌ನೊಳಗಿನಿಂದ ಕೇಳಿಬರುತ್ತದೆ. ಅದೇ ಡಿದರ್. ಅದಿಲ್ಲದ 16 ಬಿಟ್ ಅರ್ಧ ಮಾಡಿದ ಕೆಲಸ.

ಗೋಣಿಕೊಪ್ಪ, ಜುಲೈ 25

ಹಾಕಿರಲಿಲ್ಲ. ಆ ಆಯ್ಕೆ ಪಟ್ಟಿಯ ಕೆಳಗಿತ್ತು, ನಾನು ಗಮನಿಸಿರಲಿಲ್ಲ. ನಿನ್ನೆ ಡಿದರ್ ಹಾಕಿ ಮತ್ತೆ ಇಳಿಸಿ, ಅದೇ ಹೆಡ್‌ಫೋನಿನಲ್ಲಿ, ಅದೇ ತಂಬೂರಿಯನ್ನು 16 ಸಲ ಕೇಳಿದೆ. 9 ಬಂತು. ಮರಳು ಮಾಯವಾಗಿದೆ. ಒಂದು ಮಾತನ್ನು ಮಾತ್ರ ಬಿಟ್ಟುಕೊಡುವುದಿಲ್ಲ: ಮಾರುಕಟ್ಟೆಯಲ್ಲಿರುವ ಎಲ್ಲ ಸಿಡಿಗಳನ್ನೂ ಇಷ್ಟು ಎಚ್ಚರದಿಂದ ಇಳಿಸಿರುತ್ತಾರೆ ಎಂಬ ಭರವಸೆ ನನಗಿಲ್ಲ. ಅಂಥ ಕಡೆ 24 ಬಿಟ್‌ನ ಫೈಲು ಸಿಕ್ಕರೆ ನಾನು ಅದನ್ನೇ ತೆಗೆದುಕೊಳ್ಳುತ್ತೇನೆ, 44.1 ಕಿಲೋಹರ್ಟ್ಸ್ ಆದರೂ ಸರಿ.

ಮಡಿಕೇರಿ, ಜುಲೈ 25

ಅದಕ್ಕೆ ನನ್ನ ಪೂರ್ತಿ ಒಪ್ಪಿಗೆಯಿದೆ.

ಶ್ರೀಮಂಗಲ, ಆಗಸ್ಟ್ 3

ಇಷ್ಟು ದಿನ ಓದುತ್ತಿದ್ದೆ. ಎಲ್ಲರೂ ಕೇಳುವವರ ಕಡೆಯಿಂದ ಮಾತನಾಡುತ್ತಿರುವುದರಿಂದ ರೆಕಾರ್ಡಿಂಗ್ ಮಾಡುವವರ ಪರವಾಗಿ ಸ್ವಲ್ಪ ಬರೆಯಬೇಕೆನಿಸಿತು, ಏಕೆಂದರೆ ಈ ಚರ್ಚೆಯನ್ನು ಓದಿ ಯಾರಾದರೂ 24 ಬಿಟ್ ದಂಡವೆಂದು ತಿಳಿದು ರೆಕಾರ್ಡರನ್ನೂ 16ಕ್ಕೆ ಇಟ್ಟುಬಿಟ್ಟರೆ ನಷ್ಟವಾಗುತ್ತದೆ.

ನಾನು ನಮ್ಮ ಕಡೆಯ ಹಿರಿಯರು ದುಡಿ ಎಂಬ ಸಣ್ಣ ವಾದ್ಯ ಬಡಿಯುತ್ತಾ ಹಾಡುವ ಕೊಡವ ಜನಪದ ಹಾಡಾದ ಬಾಳೋಪಾಟನ್ನು ಕೆಲವು ವರ್ಷಗಳಿಂದ ರೆಕಾರ್ಡ್ ಮಾಡಿಕೊಳ್ಳುತ್ತಿದ್ದೇನೆ. ಮೊದಲು ಮಾಡಿದ್ದೆಲ್ಲ 16 ಬಿಟ್‌ನಲ್ಲಿ. ಒಂದು ಐನ್‌ಮನೆಯ (ಕುಟುಂಬದ ಹಿರಿಯರ ಮನೆ) ಕೈಸಾಲೆ ಎಂಬ ಜಗಲಿಯಲ್ಲಿ ನಾಲ್ವರು ದುಡಿ ಹಿಡಿದು ಕೂತಿದ್ದರು. ಹಾಡು ಮೆಲ್ಲಗೆ ಆರಂಭವಾದ್ದರಿಂದ ನಾನು ಮಟ್ಟವನ್ನು ಏರಿಸಿಟ್ಟೆ. ಹತ್ತು ನಿಮಿಷದ ಹೊತ್ತಿಗೆ ದುಡಿಯ ಪೆಟ್ಟು ಬಿರುಸಾಗಿ, ಮಟ್ಟ ಮೇಲಿನ ಮಿತಿಗೆ ಬಡಿದು ಪ್ರತಿ ಪೆಟ್ಟೂ ಚಪ್ಪಟೆಯಾಯಿತು. ಹಾಗೆ ಚಪ್ಪಟೆಯಾದದ್ದನ್ನು ಯಾವ ಸಾಫ್ಟ್‌ವೇರೂ ಪೂರ್ತಿ ಸರಿಪಡಿಸಲಾರದು. ಆ ನಾಲ್ವರಲ್ಲಿ ಒಬ್ಬ ಅಜ್ಜಯ್ಯ ಈಗ ಇಲ್ಲ, ಅವರ ಧ್ವನಿಯಿರುವ ನನ್ನ ಏಕೈಕ ರೆಕಾರ್ಡಿಂಗ್ ಅದು.

ಈಗ 24 ಬಿಟ್‌ನಲ್ಲಿ ಮಾಡುತ್ತೇನೆ. ಸಾಮಾನ್ಯ ಧ್ವನಿ ಮೇಲಿನ ಮಿತಿಯಿಂದ 20 ಡೆಸಿಬಲ್ ಕೆಳಗಿರುವಂತೆ ಇಟ್ಟು ರೆಕಾರ್ಡರನ್ನು ಮುಟ್ಟದೆ ಕೂರುತ್ತೇನೆ. ದುಡಿ ಎಷ್ಟು ಬಿರುಸಾದರೂ ಜಾಗವಿರುತ್ತದೆ. ಮನೆಗೆ ಬಂದು ಮಟ್ಟ ಏರಿಸಿದರೂ ತಳದ ಸದ್ದು ಮೇಲೆ ಬರುವುದಿಲ್ಲ. ರೆಕಾರ್ಡಿಂಗ್‌ನಲ್ಲಿ ಆ ಎಂಟು ಬಿಟ್‌ಗಳು ನಮ್ಮ ತಪ್ಪುಗಳಿಗೆ ಇರುವ ಜಾಗ. ಕೆಲಸ ಮುಗಿದು ಕೇಳುವವರ ಕೈಗೆ ಹೋಗುವಾಗ ಅವುಗಳ ಅಗತ್ಯ ಉಳಿಯುವುದಿಲ್ಲ. ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘವೂ ಹಳೆಯ ಟೇಪು, ತಟ್ಟೆಗಳನ್ನು ಡಿಜಿಟಲ್‌ಗೆ ತರುವಾಗ ಕನಿಷ್ಠ 48 ಕಿಲೋಹರ್ಟ್ಸ್, 24 ಬಿಟ್ ಇರಬೇಕೆಂದು ಹೇಳುತ್ತದೆ. ಗ್ರಾಮಾಫೋನ್ ತಟ್ಟೆಯ ಗೀರಿನಿಂದ ಬರುವ ಚಟಚಟ ಸದ್ದು 20 ಕಿಲೋಹರ್ಟ್ಸ್‌ನ ಮೇಲೂ ಹರಡಿರುತ್ತದೆ, ಅಲ್ಲಿ ಸಂಗೀತ ಇರುವುದಿಲ್ಲವಾದ್ದರಿಂದ ಅದನ್ನು ಗುರುತಿಸಿ ತೆಗೆಯಲು 96 ಕಿಲೋಹರ್ಟ್ಸ್ ನೆರವಾಗುತ್ತದೆ. ಮಡಿಕೇರಿ ಸರ್ ಬಾವಲಿಯ ಮಾತೆತ್ತಿದ್ದರು. ತೋಟದಲ್ಲಿ ಸಂಜೆ ಹಾರುವ ಸಣ್ಣ ಬಾವಲಿಗಳ ಕೂಗನ್ನು ನಾನು 192ರಲ್ಲಿಯೇ ಹಿಡಿಯುವುದು. ಹತ್ತು ಪಟ್ಟು ನಿಧಾನ ಮಾಡಿದರೆ ಹಕ್ಕಿಯ ಉಲಿಯಂತೆ ಕೇಳಿಸುತ್ತದೆ.

ನಾಪೋಕ್ಲು, ಡಿಸೆಂಬರ್ 9

ಮಳೆಗಾಲವೂ ಹುತ್ತರಿಯೂ ಮುಗಿದವು, ನಾನು ಉತ್ತರ ಬಾಕಿ ಉಳಿಸಿಕೊಂಡಿದ್ದೆ. ಕಳೆದ ವಾರ, ಕಣದಲ್ಲಿ ಕಾಫಿ ಹರಡುವ ಕೆಲಸವಿಲ್ಲದ ಒಂದು ರಾತ್ರಿ, ಹಜಾರ 29 ಡೆಸಿಬಲ್‌ಗೆ ಇಳಿದಿದ್ದಾಗ, ಡಿದರ್ ಹಾಕಿ ಇಳಿಸಿದ ಫೈಲಿನೊಂದಿಗೆ 16 ಸಲ ಕೇಳಿದೆ. 7 ಸರಿ. ಹೈ-ರೆಸ್‌ಗೆಂದು ತೆಗೆದಿರಿಸಿದ ಹಣದಲ್ಲಿ ವಿರಾಜಪೇಟೆಯವರಿಂದ ಸ್ಪೀಕರಿನ ಕೋನ್ ಬದಲಾಯಿಸಿಕೊಂಡು, ಅರ್ತಿಂಗ್ ಸರಿ ಮಾಡಿಸಿ, ಗೋಡೆಗೆ ಅಂಟಿದ್ದ ಸ್ಪೀಕರುಗಳನ್ನು ಎರಡು ಅಡಿ ಮುಂದಕ್ಕೆ ತಂದೆ. ಇದಕ್ಕೆ ಪರೀಕ್ಷೆಯೇ ಬೇಕಾಗಲಿಲ್ಲ. ಅಡುಗೆಮನೆಯಲ್ಲಿದ್ದ ಹೆಂಡತಿ ಏನು ಬದಲಾಯಿಸಿದಿರಿ ಎಂದು ಕೇಳುತ್ತಾ ಹೊರಗೆ ಬಂದಳು.

ಶ್ರೀಮಂಗಲದವರೇ, ಆ ಅಜ್ಜಯ್ಯನ ಹಾಡನ್ನು ಕೇಳುವ ಆಸೆಯಿದೆ, ಚಪ್ಪಟೆಯಾಗಿದ್ದರೂ ಸರಿ.

ಶ್ರೀಮಂಗಲ, ಡಿಸೆಂಬರ್ 10

ಕಳುಹಿಸಿದ್ದೇನೆ. ಹತ್ತನೆಯ ನಿಮಿಷದಿಂದ ದುಡಿ ಒಡೆದಂತೆ ಕೇಳಿಸುತ್ತದೆ, ಕ್ಷಮಿಸಿ. ಆದರೆ ನಾಲ್ಕನೆಯ ನಿಮಿಷದಲ್ಲಿ ಮೂವರು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ಅವರೊಬ್ಬರೇ ಒಂದು ಸಾಲನ್ನು ಮುಂದುವರಿಸುತ್ತಾರೆ. ಅಲ್ಲಿ ವಾಲ್ಯೂಮ್ ಸ್ವಲ್ಪ ಏರಿಸಿ ಕೇಳಿ.